ಘಟಾಕಾಶಕ್ಕೆ ಕಾವಲು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಮಾರ್ಗದಲ್ಲಿ, ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಹನಕೆರೆಯ ನಿಲ್ದಾಣದಲ್ಲಿ ಇಳಿಯುವವರು ಕಡಮೆ, ಹಾದುಹೋಗುವವರು ಹೆಚ್ಚು. ಪ್ಯಾಸೆಂಜರು ಗಾಡಿಯೊಂದು ನಿಂತಾಗ ನಾಲ್ಕಾರು ಮಂದಿ ಇಳಿಯುತ್ತಾರೆ. ಟಿಕೆಟು ಕೇಳುವುದಾದರೆ ಆ ನಾಲ್ಕಾರು ಮಂದಿಯನ್ನು ಕೇಳಬೇಕಲ್ಲದೆ, ಕಿಟಕಿಯ ಬದಿಯಲ್ಲಿ ಕುಳಿತು ನಮ್ಮ ಕಬ್ಬಿನ ಗದ್ದೆಗಳನ್ನು ಅನ್ಯಮನಸ್ಕರಾಗಿ ನೋಡುತ್ತ ಮುಂದಕ್ಕೆ ಸಾಗುವ ನೂರಾರು ಮಂದಿಯನ್ನು ನಮ್ಮ ನಿಲ್ದಾಣದ ಬಾಗಿಲು ಕೇಳುವಂತಿಲ್ಲ. ಅವರು ನಮ್ಮ ನೆಲದ ಮೇಲೆಯೇ ಹೋಗುತ್ತಾರೆ; ಆದರೂ ನಮ್ಮಲ್ಲಿಗೆ ಬಂದವರಲ್ಲ. ಬಂದವನಿಗೂ ಹಾದುಹೋಗುವವನಿಗೂ ಇರುವ ಈ ಭೇದವನ್ನು ನಾನು ಹುಟ್ಟಿದಂದಿನಿಂದ ಕಣ್ಣಾರೆ ಕಾಣುತ್ತಿದ್ದರೂ ಅದರೊಳಗೆ ಒಂದು ವೇದಾಂತದ ಪ್ರಶ್ನೆ ಅಡಗಿಕೊಂಡಿದೆಯೆಂದು ಊಹಿಸಿರಲಿಲ್ಲ.

ಕಳೆದ ಶ್ರಾವಣದ ಒಂದು ಶನಿವಾರ ಬೆಳಗ್ಗೆ ನನ್ನ ತಂಗಿಯ ಮಗನು ಮುಖ ಬಾಡಿಸಿಕೊಂಡು ಬಂದು ಜಗಲಿಯ ಮೇಲೆ ಕುಳಿತನು. ಬೆಂಗಳೂರಿನ ಕೆಲಸವನ್ನು ಹಳ್ಳಿಯ ನಡುಮನೆಯಲ್ಲಿ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಮಾಡುವ ಈ ಕಾಲದ ತರುಣರಲ್ಲಿ ಅವನೊಬ್ಬ. ಬಿಡುವಿನ ವೇಳೆಯಲ್ಲಿ, ಪರಿಚಿತರಾದ ಬೆಲ್ಲದ ವರ್ತಕರೊಬ್ಬರಿಗಾಗಿ ಲೆಕ್ಕಪತ್ರದ ಪುಟ್ಟ ವ್ಯವಸ್ಥೆಯೊಂದನ್ನು ರಚಿಸಿ, ಅದನ್ನು ಬಾಡಿಗೆಯ ಸರ್ವರೊಂದರಲ್ಲಿ ನೆಲೆಗೊಳಿಸಿದ್ದನು. ಹಿಂದಿನ ರಾತ್ರಿ ಯಾರೋ ಒಳಹೊಕ್ಕು, ಮೂರು ತಿಂಗಳ ಲೆಕ್ಕವನ್ನೆಲ್ಲ ಅಳಿಸಿ, ಹಣ ಕೊಟ್ಟರೆ ಹಿಂದಿರುಗಿಸುವೆವೆಂಬ ಒಕ್ಕಣೆಯೊಂದನ್ನು ಬಿಟ್ಟು ಹೋಗಿದ್ದರು. ಕಳ್ಳತನವು ಲೋಕದಲ್ಲಿ ಹೊಸದಲ್ಲ. ಅವನನ್ನು ಕಂಗೆಡಿಸಿದ್ದು ಬೇರೆಯೇ.

"ಬಾಗ್ಲು ಹಾಕಿದ್ದೆ ಮಾವ," ಎಂದನು. "ಒಂದ್ಸಲ ಅಲ್ಲ, ಮೂರ್ ಸಲ ನೋಡ್ದೆ. ಈಗ್ಲೂ ಹಾಕೇ ಐತೆ. ಹಾಕಿರೋ ಬಾಗ್ಲಲ್ಲಿ ಹೆಂಗ್ ಬಂದ್ರು?"

ಆ ಪ್ರಶ್ನೆ ನನಗೆ ಹಿಡಿಸಿತು. ಮುಚ್ಚಿದ ಬಾಗಿಲು ಮುಚ್ಚಿದಂತೆಯೇ ಇದ್ದು, ಒಳಗೆ ಮಾತ್ರ ಪರಪುರುಷನ ಹೆಜ್ಜೆ ಕಾಣುವುದೆಂದರೆ, ಒಂದೋ ಬಾಗಿಲು ಸುಳ್ಳು, ಇಲ್ಲವೆ ಒಳಗು ಸುಳ್ಳು. ಆ ಶನಿವಾರವೂ ಮುಂದಿನ ಭಾನುವಾರವೂ ಅವನು ನನಗೆ ಯಂತ್ರದ ಒಳಮರ್ಮಗಳನ್ನು ತಾಳ್ಮೆಯಿಂದ ತಿಳಿಸಿದನು. ನಾನು ನನಗೆ ಬಂದಷ್ಟು ವೇದಾಂತವನ್ನು ಅವನಿಗೆ ಹೇಳಿದೆನು. ಇಬ್ಬರೂ ಒಂದೇ ವಸ್ತುವನ್ನು ಕುರಿತು ಮಾತಾಡುತ್ತಿದ್ದೆವೆಂಬುದು ಸ್ವಲ್ಪ ತಡವಾಗಿ ನಮ್ಮ ಗಮನಕ್ಕೆ ಬಂದಿತು.

ಮೊದಲು ಯಂತ್ರದ ಸಂಗತಿ. ಒಂದು ಸರ್ವರಿನೊಳಗೆ ಹಲವು ಕಾರ್ಯಗಳನ್ನು ಒಂದಕ್ಕೊಂದು ತಾಕದಂತೆ ನಡೆಸುವುದಕ್ಕಾಗಿ ಈಗಿನವರು ಕಂಟೈನರುಗಳೆಂಬ ಪಾತ್ರೆಗಳನ್ನು ಬಳಸುತ್ತಾರೆ. 2013ರಲ್ಲಿ ಡಾಕರ್ ಎಂಬ ಸಾಧನ ಪ್ರಕಟವಾದ ಮೇಲೆ ಈ ಪದ್ಧತಿ ಮನೆಮಾತಾಯಿತು. ಕಂಟೈನರೆಂದರೆ ಯಂತ್ರದೊಳಗಿನ ಇನ್ನೊಂದು ಯಂತ್ರವೆಂದು ಹಲವರು ತಿಳಿದಿರುವುದುಂಟು, ಅದು ಸರಿಯಲ್ಲ. ಸರ್ವರಿಗೆ ಜೀವಭೂತವಾದ ಲಿನಕ್ಸ್ ಕರ್ನೆಲ್ ಒಂದೇ; ಆ ಒಂದೇ ಕರ್ನೆಲ್ ಎಲ್ಲ ಪಾತ್ರೆಗಳೊಳಗೂ ಹೊರಗೂ ವ್ಯಾಪಿಸಿಕೊಂಡಿರುತ್ತದೆ. ಬೇರೆಯಾಗಿರುವುದು ಪಾತ್ರೆಯ ಗೋಡೆ ಮಾತ್ರ. ಆ ಗೋಡೆಗೆ ಅವರಿಟ್ಟಿರುವ ಹೆಸರು ನೇಮ್‌ಸ್ಪೇಸ್. ಎಂದರೆ ಹೆಸರುಗಳಿಗೆ ಮಾಡಿಕೊಟ್ಟ ಅವಕಾಶ, ನಾಮಾಕಾಶ. ಈ ಮಾತನ್ನು ಕೇಳಿದಾಗ ನಾನು ಕುಳಿತಲ್ಲಿಂದ ನೆಟ್ಟಗಾದೆನು. ಏಕೆಂದರೆ ಗೌಡಪಾದರು ತಮ್ಮ ಮಾಂಡೂಕ್ಯಕಾರಿಕೆಗಳಲ್ಲಿ ಜೀವಕ್ಕೂ ಪರಮಾತ್ಮನಿಗೂ ಇರುವ ಸಂಬಂಧವನ್ನು ತಿಳಿಸಲು ಆರಿಸಿಕೊಂಡ ದೃಷ್ಟಾಂತ ಇದೇ ಅಲ್ಲವೆ? ಮಡಕೆಯೊಳಗಿನ ಆಕಾಶವು ಘಟಾಕಾಶ, ಹೊರಗಿನದು ಮಹಾಕಾಶ. ಆಕಾಶವು ಒಂದೇ, ಮಡಕೆ ಎಂಬ ಉಪಾಧಿಯಿಂದ ಎರಡೆಂಬಂತೆ ತೋರುತ್ತದೆ. ಮಡಕೆ ಒಡೆದರೆ ಘಟಾಕಾಶವು ಎಲ್ಲಿಗೂ ಹೋಗುವುದಿಲ್ಲ, ಹೋಗುವುದಕ್ಕೆ ಅದು ಬೇರೆಯಾಗಿ ಇದ್ದುದೇ ಇಲ್ಲ. ಕಂಟೈನರನ್ನು ಅಳಿಸಿದಾಗ ಕರ್ನೆಲಿಗೂ ಏನೂ ಆಗುವುದಿಲ್ಲವೆಂದು ಹುಡುಗನು ಹೇಳಿದನು.

ಆದರೆ ಘಟಾಕಾಶಕ್ಕೆ ಪತ್ರ ಬರೆಯಬೇಕಾದರೆ ವಿಳಾಸ ಬೇಕು. ತೊಡಕು ಇಲ್ಲಿಂದ ಮೊದಲಾಗುತ್ತದೆ. ಅಂತರ್ಜಾಲದ ಹಳೆಯ ಪದ್ಧತಿಯಲ್ಲಿ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಮೊದಲಲ್ಲಿ ಅಕ್ಷಯವೆಂದು ತೋರಿದ ಈ ಭಂಡಾರ ಬರಿದಾಗುವುದೆಂದು ಅರಿತವರು 1994ರಲ್ಲಿ ವಿಳಾಸಾಂತರವೆಂಬ ಉಪಾಯವನ್ನು ಬರೆದಿಟ್ಟರು. ಅದನ್ನು ನ್ಯಾಟ್ ಎನ್ನುತ್ತಾರೆ. 1996ರಲ್ಲಿ ಕೆಲವು ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಬಹುದು, ಬೀದಿಯಲ್ಲಿ ಮಾತ್ರ ಅವಕ್ಕೆ ಬೆಲೆಯಿಲ್ಲ ಎಂಬ ಕಟ್ಟಳೆಯಾಯಿತು. ನಮ್ಮ ಮನೆಗಳಲ್ಲಿ ಮಗುವಿಗೆ ಪುಟ್ಟ, ಚಿಕ್ಕಿ, ಅಪ್ಪಿ ಎಂದು ಕರೆಯುವ ಹೆಸರು ಒಂದಿದ್ದು, ಶಾಲೆಯ ದಾಖಲೆಯಲ್ಲಿ ಇನ್ನೊಂದಿರುವ ಹಾಗೆ. ಡಾಕರ್ ತನ್ನ ಪಾತ್ರೆಗಳಿಗೆ ಸಾಮಾನ್ಯವಾಗಿ 172.17 ಎಂದು ಮೊದಲಾಗುವ ಇಂಥ ಮನೆಹೆಸರುಗಳನ್ನೇ ಇಡುತ್ತದೆ. ಹೊರಗಿನವನಿಗೆ ಆ ಹೆಸರು ತಿಳಿಯದು. ಅವನು ಸರ್ವರಿನ ಊರವಿಳಾಸಕ್ಕೆ ಬರೆಯುತ್ತಾನೆ. ಸರ್ವರಿನ ಹೆಬ್ಬಾಗಿಲಲ್ಲಿ ಕುಳಿತ ಒಂದು ಕೈ, ಹಳೆಯ ಅಂಚೆಯವನು ಮದುವೆಯಾಗಿ ಹೋದ ಮಗಳ ಕಾಗದದ ಮೇಲೆ ತೌರಿನ ವಿಳಾಸವನ್ನು ಹೊಡೆದುಹಾಕಿ ಗಂಡನ ಮನೆಯ ವಿಳಾಸ ಬರೆಯುತ್ತಿದ್ದಂತೆ, ಊರವಿಳಾಸವನ್ನು ಅಳಿಸಿ ಮನೆಹೆಸರನ್ನು ಬರೆದು ಒಳಗೆ ಕಳಿಸುತ್ತದೆ.

ಇನ್ನು ಕಾವಲು. ಸರ್ವರಿಗೆ ಫೈರ್‌ವಾಲ್ ಎಂಬ ಕಾವಲಿರುತ್ತದೆ. 2001ರಲ್ಲಿ ಬಂದ ಲಿನಕ್ಸ್ 2.4ರಿಂದೀಚೆಗೆ ಈ ಕಾವಲಿನ ತಳಹದಿ ನೆಟ್‌ಫಿಲ್ಟರ್ ಎಂಬ ಏರ್ಪಾಟು. ಅದರಲ್ಲಿ ಬಂದ ಪ್ರತಿಯೊಂದು ಪ್ಯಾಕೆಟ್ಟೂ, ಎಂದರೆ ಅಂತರ್ಜಾಲದ ಪ್ರತಿಯೊಂದು ಕಾಗದವೂ, ಕೆಲವು ಚಾವಡಿಗಳನ್ನು ಕ್ರಮವಾಗಿ ದಾಟಬೇಕು. ಮೊದಲನೆಯದು ಪ್ರೀರೌಟಿಂಗ್, ವಿಳಾಸವನ್ನು ತಿದ್ದುವ ಕೈ ಕುಳಿತಿರುವುದು ಅಲ್ಲಿ. ಅದಾದ ಮೇಲೆ ಕರ್ನೆಲ್ ಪ್ಯಾಕೆಟ್ಟಿನ ಮೇಲಿರುವ ವಿಳಾಸವನ್ನು ಓದಿ, ಇದು ನನಗೆ ಬಂದದ್ದೋ, ನನ್ನನ್ನು ಹಾದು ಬೇರೆಯವರಿಗೆ ಹೋಗುವುದೋ ಎಂದು ನಿರ್ಣಯಿಸುತ್ತದೆ. ನನಗೆ ಬಂದದ್ದಾದರೆ ಇನ್‌ಪುಟ್ ಎಂಬ ಚಾವಡಿ. ಹಾದುಹೋಗುವುದಾದರೆ ಫಾರ್ವರ್ಡ್ ಎಂಬ ಇನ್ನೊಂದು ಚಾವಡಿ. ಹುಡುಗನು ಯು.ಎಫ್.ಡಬ್ಲ್ಯೂ. ಎಂಬ ಸಾಧನದಿಂದ, 22 ಮತ್ತು 443 ಎಂಬ ಎರಡು ಪೋರ್ಟುಗಳನ್ನು, ಎಂದರೆ ಸಂಖ್ಯೆ ಹೊತ್ತ ಬಾಗಿಲುಗಳನ್ನು, ಬಿಟ್ಟು ಒಳಬರುವ ಮಿಕ್ಕೆಲ್ಲವನ್ನೂ ತಡೆಯಬೇಕೆಂದು ವಿಧಿಸಿದ್ದನು. ಆ ವಿಧಿ ಹೋಗಿ ನಿಂತದ್ದು ಇನ್‌ಪುಟ್ ಚಾವಡಿಯಲ್ಲಿ. ಲೆಕ್ಕದ ದತ್ತಾಂಶವೆಲ್ಲ ಒಂದು ಕಂಟೈನರಿನೊಳಗೆ 5432 ಎಂಬ ಪೋರ್ಟಿನಲ್ಲಿತ್ತು. ಅದನ್ನು ತನ್ನ ಲ್ಯಾಪ್‌ಟಾಪಿನಿಂದ ಆಗಾಗ ನೋಡಿಕೊಳ್ಳೋಣವೆಂದು ಹೊರಗಡೆ 15432 ಎಂಬ ಸಂಖ್ಯೆಗೆ ಅದನ್ನು ಜೋಡಿಸಿ, ಕಾವಲು ಹೇಗೂ ಇದೆ, ನಾನು ಬೇಕೆಂದಾಗ ಮಾತ್ರ ತೆರೆಯುವೆನು, ಎಂದುಕೊಂಡಿದ್ದನು.

ಕಳ್ಳನ ಪ್ಯಾಕೆಟ್ಟು 15432ನ್ನು ಹುಡುಕಿಕೊಂಡು ಬಂದಿತು. ಪ್ರೀರೌಟಿಂಗಿನಲ್ಲಿ ಡಾಕರ್ ಮೊದಲೇ ಬರೆದಿಟ್ಟಿದ್ದ ನಿಯಮದಂತೆ ಅದರ ವಿಳಾಸವು ಕಂಟೈನರಿನ ಮನೆಹೆಸರಾಗಿ, ಪೋರ್ಟು 5432 ಆಗಿ ಮಾರ್ಪಟ್ಟಿತು. ಅನಂತರ ಕರ್ನೆಲ್ ಅದನ್ನು ಓದಿತು: ಇದು ನನಗೆ ಬಂದದ್ದಲ್ಲ, ಹಾದುಹೋಗತಕ್ಕದ್ದು. ಪ್ಯಾಕೆಟ್ಟು ಫಾರ್ವರ್ಡ್ ಚಾವಡಿಗೆ ಹೋಯಿತು. ಅಲ್ಲಿ ಡಾಕರ್ ತಾನೇ ಮೇಲ್ಪಂಕ್ತಿಯಲ್ಲಿ ಬರೆದುಕೊಂಡಿದ್ದ ಅನುಮತಿಯಿತ್ತು. ಇನ್‌ಪುಟ್ ಚಾವಡಿಯ ಕಾವಲುಗಾರನು ರಾತ್ರಿಯೆಲ್ಲ ಎಚ್ಚರವಾಗಿಯೇ ಇದ್ದನು. ಅವನ ಮುಂದೆ ಯಾರೂ ಹಾಯಲಿಲ್ಲ. ಬೆಳಗ್ಗೆ ಕೇಳಿದರೆ ಬಾಗಿಲು ಹಾಕಿದೆಯೆಂದೇ ಅವನು ಹೇಳುವನು. ಅವನ ಮಾತು ಸತ್ಯ. ಯು.ಎಫ್.ಡಬ್ಲ್ಯೂ.ಗೂ ತನಗೂ ಹೀಗೆ ಹೊಂದಿಕೆಯಿಲ್ಲವೆಂದು ಡಾಕರಿನ ಕೈಪಿಡಿಯೇ ಬಾಯಿಬಿಟ್ಟು ಹೇಳುತ್ತದಂತೆ. ಕೈಪಿಡಿಗಳನ್ನು ಅನರ್ಥವಾದ ಮೇಲೆ ಓದುವುದು ನಮ್ಮ ಕುಲಾಚಾರ. ಗರುಡಪುರಾಣವನ್ನೂ ಹಾಗೆಯೇ ತಾನೆ ಓದಿಸುವುದು!

ಇಷ್ಟನ್ನು ಕೇಳಿದ ಮೇಲೆ ನನಗೆ ಹೊಳೆದದ್ದು ಇದು. ಹುಡುಗನು ತಿಳಿಯದೆಯೇ ಅದ್ವೈತಿಯಾಗಿದ್ದನು, ಕರ್ನೆಲ್ ದ್ವೈತಿಯಾಗಿದ್ದಿತು. ಪಾತ್ರೆ ನನ್ನ ಸರ್ವರಿನೊಳಗಿದೆ, ಒಂದೇ ಕರ್ನೆಲ್ ಎರಡನ್ನೂ ವ್ಯಾಪಿಸಿದೆ, ಆದುದರಿಂದ ಸರ್ವರಿಗೆ ಹಾಕಿದ ಕಾವಲು ಪಾತ್ರೆಗೂ ಸಲ್ಲುತ್ತದೆ ಎಂದು ಅವನ ಎಣಿಕೆ. ವಿಳಾಸವನ್ನು ಓದುವ ಹೊತ್ತಿನಲ್ಲಿ ಕರ್ನೆಲಿಗೆ ಮಾತ್ರ ಪಾತ್ರೆಯು ಪರವಸ್ತು, ಪಕ್ಕದ ಊರು. ಅಲ್ಲಿಗೆ ಹೋಗುವವನು ನನ್ನಲ್ಲಿಗೆ ಬಂದವನಲ್ಲ, ಮೈಸೂರಿನ ಟಿಕೆಟು ಹಿಡಿದವನು ಹನಕೆರೆಗೆ ಬಂದವನಲ್ಲವೆಂಬಂತೆ. ಶಂಕರಾಚಾರ್ಯರು ಸೂತ್ರಭಾಷ್ಯದ ಉಪೋದ್ಘಾತದಲ್ಲಿ ಅಧ್ಯಾಸವನ್ನು ವಿವರಿಸುತ್ತ, ಹೆಂಡತಿ ಮಕ್ಕಳು ಕುಂದಿದಾಗ ನಾನೇ ಕುಂದಿದೆನೆಂದು ಮನುಷ್ಯನು ಬಗೆಯುವುದನ್ನು ಉದಾಹರಿಸುತ್ತಾರೆ. ತನ್ನದನ್ನು ತಾನೆಂದು ತಿಳಿಯುವುದೇ ಅಲ್ಲಿಯ ಭ್ರಾಂತಿ. ನಮ್ಮ ಹುಡುಗನಿಗಾದದ್ದೂ ಅದೇ: ಪಾತ್ರೆ ಅವನದು, ಅವನ ಸರ್ವರ್ ಅಲ್ಲ. ಅದ್ವೈತವು ಪರಮಾರ್ಥದಲ್ಲಿ ದಿಟವಾಗಿದ್ದರೂ ಇರಬಹುದು. ವ್ಯವಹಾರದಲ್ಲಿ ಅದನ್ನು ನಂಬಿ ಬೀಗ ಹಾಕದೆ ಮಲಗುವುದಾಗದು. ಇದನ್ನು ಹೇಳಿದವರೂ ಅದ್ವೈತಿಗಳೇ.

ಆದರೆ ಕರ್ನೆಲಿನ ದ್ವೈತವೂ ನನಗೆ ಸಮಾಧಾನ ಕೊಡಲಿಲ್ಲ. ಹಾದುಹೋಗುವವನು ನನ್ನವನಲ್ಲ ಎಂದು ಅದು ಕೈತೊಳೆದುಕೊಳ್ಳುವುದು ಸರಿಯೆ? ನಮ್ಮ ಜಿಲ್ಲೆಯಲ್ಲಿಯೇ, ಮೇಲುಕೋಟೆಯ ಬೆಟ್ಟದ ಮೇಲೆ ಬಹುಕಾಲ ನೆಲಸಿದ್ದರೆಂದು ಸಂಪ್ರದಾಯವು ಹೇಳುವ ರಾಮಾನುಜಾಚಾರ್ಯರು ಇದಕ್ಕೆ ಮೂರನೆಯ ಉತ್ತರವೊಂದನ್ನು ಕೊಟ್ಟಿದ್ದಾರೆ. ಜೀವವೂ ಜಡವೂ ಈಶ್ವರನಿಂದ ಬೇರೆಯೇ. ಆದರೆ ಅವು ಅವನ ಶರೀರ. ಶರೀರವೆಂದರೇನೆಂದು ಅವರು ಶ್ರೀಭಾಷ್ಯದಲ್ಲಿ ಮಾಡುವ ಲಕ್ಷಣ ಕೈಕಾಲುಗಳ ಮಾತಲ್ಲ: ಯಾವುದನ್ನು ಒಬ್ಬ ಚೇತನನು ಧರಿಸುತ್ತಾನೆಯೋ, ನಿಯಮಿಸುತ್ತಾನೆಯೋ, ಯಾವುದು ಅವನಿಗಾಗಿಯೇ ಇರುತ್ತದೆಯೋ, ಅದು ಅವನ ಶರೀರ. ಈ ಲಕ್ಷಣವನ್ನು ಕಂಟೈನರಿಗೆ ಹಚ್ಚಿ ನೋಡಿ. ಸರ್ವರಿನಿಂದ ಧರಿಸಲ್ಪಟ್ಟಿದೆ, ಸರ್ವರಿನ ಒಡೆಯನಿಂದ ನಿಯಮಿಸಲ್ಪಡುತ್ತದೆ, ಅವನ ಪ್ರಯೋಜನಕ್ಕಾಗಿಯೇ ಇದೆ. ಆದರೂ ಸರ್ವರ್ ಅಲ್ಲ. ಭೇದವು ನಿಜ, ಭೇದವಿದೆಯೆಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ನಮ್ಮ ಕಡೆಯ ನೀರುಗಂಟಿಯನ್ನು ಕೇಳಿದರೂ ಇದನ್ನೇ ಹೇಳುವನು: ನಾಲೆಯ ನೀರು ನನ್ನ ಗದ್ದೆಯನ್ನು ಹಾದು ಕೆಳಗಿನವನ ಗದ್ದೆಗೆ ಹೋಗುವುದಾದರೂ, ನನ್ನ ಬದುವಿನಲ್ಲಿ ಅದು ಒಡೆದರೆ ಕಟ್ಟತಕ್ಕವನು ನಾನೇ. ಕಾವಲನ್ನು ಫಾರ್ವರ್ಡ್ ಚಾವಡಿಯಲ್ಲಿಯೂ ಇಡಬೇಕೆಂಬುದು ಇದರಿಂದ ಸಿದ್ಧವಾಯಿತು.

ಸಂಜೆ ಮದ್ದೂರಿಗೆ ಹೋದೆವು. ಶ್ರಾವಣ ಶನಿವಾರವಾದುದರಿಂದ ಉಗ್ರನರಸಿಂಹಸ್ವಾಮಿಯ ದೇವಾಲಯದಲ್ಲಿ ಜನ ಕಿಕ್ಕಿರಿದಿತ್ತು. ಸಾಲಿನಲ್ಲಿ ನಿಂತಿದ್ದಾಗ, ತೊಡೆಯ ಮೇಲೆ ಹಿರಣ್ಯಕಶಿಪುವನ್ನು ಕೆಡವಿಕೊಂಡ ಆ ಮೂರ್ತಿಯ ಕಥೆಯನ್ನು ಹುಡುಗನು ಹೊಸದಾಗಿ ಕೇಳಿದವನಂತೆ ನನ್ನ ಕಡೆ ತಿರುಗಿ, "ಮಾವ, ಅವನ್ದೂ ರೂಲ್ಸೇ ಅಲ್ವಾ?" ಎಂದನು. ಹೌದು, ಭಾಗವತದ ಏಳನೆಯ ಸ್ಕಂಧದಲ್ಲಿ ಆ ದೈತ್ಯನು ಬ್ರಹ್ಮನಿಂದ ಬೇಡಿ ಪಡೆದ ವರವು ಲೋಕದ ಮೊತ್ತಮೊದಲ ಫೈರ್‌ವಾಲೇ ಇರಬೇಕು. ಒಳಗೆ ಸಾವು ಬರಕೂಡದು, ಹೊರಗೆ ಬರಕೂಡದು. ಹಗಲಲ್ಲಿ ಬರಕೂಡದು, ಇರುಳಲ್ಲಿ ಬರಕೂಡದು. ಮನುಷ್ಯನಿಂದ ಬರಕೂಡದು, ಮೃಗದಿಂದ ಬರಕೂಡದು. ನೆಲದ ಮೇಲೂ ಕೂಡದು, ಆಕಾಶದಲ್ಲಿಯೂ ಕೂಡದು. ಎಷ್ಟು ಜಾಗರೂಕತೆ! ಒಂದೊಂದು ನಿಯಮವೂ ಕೊನೆಯವರೆಗೆ ಪಾಲಿಸಲ್ಪಟ್ಟಿತೆಂಬುದನ್ನು ನಾವು ಗಮನಿಸುವುದಿಲ್ಲ. ನರಸಿಂಹನು ಯಾವ ವರವನ್ನೂ ಮುರಿಯಲಿಲ್ಲ. ಬಾಗಿಲ ಬಳಿ, ಸಂಧ್ಯೆಯಲ್ಲಿ, ತೊಡೆಯ ಮೇಲೆ, ಉಗುರಿನಿಂದ: ವಿಧಿಯು ಹೆಸರಿಸಿದ ಯಾವ ಚಾವಡಿಗೂ ಸೇರದ ದಾರಿಯಲ್ಲಿ ಬಂದನು. ಒಳಗು ಹೊರಗುಗಳೆರಡನ್ನು ಹೆಸರಿಸಿದವನು ಜಗತ್ತನ್ನೆಲ್ಲ ಹೆಸರಿಸಿದೆನೆಂದು ತಿಳಿದನು. ಅವುಗಳ ನಡುವೆ ಹೊಸ್ತಿಲೊಂದಿತ್ತು. ನಮ್ಮ ಹುಡುಗನೂ ಒಳಬರುವುದನ್ನು ತಡೆ, ಹೊರಹೋಗುವುದನ್ನು ಬಿಡು ಎಂದು ಬರೆದು ನಿಶ್ಚಿಂತನಾಗಿದ್ದನು, ಹಾಯುವುದನ್ನು ಮರೆತಿದ್ದನು. ಇಲ್ಲಿ ಬಂದವನು ನರಸಿಂಹನಲ್ಲ, ಕಳ್ಳ. ದಾರಿ ಮಾತ್ರ ಒಂದೇ.

ಹಿರಣ್ಯಕಶಿಪು ಹಿಂದಿನ ಜನ್ಮದಲ್ಲಿ ಯಾರಾಗಿದ್ದನೆಂಬುದನ್ನು ನೆನೆದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. ಅವನು ವೈಕುಂಠದ ದ್ವಾರಪಾಲಕರಾದ ಜಯವಿಜಯರಲ್ಲಿ ಒಬ್ಬನಾಗಿದ್ದನು. ಸನಕಾದಿಗಳು ಆರು ಬಾಗಿಲುಗಳನ್ನು ಅಡ್ಡಿಯಿಲ್ಲದೆ ದಾಟಿ ಏಳನೆಯದಕ್ಕೆ ಬಂದಾಗ, ಐದು ವರ್ಷದ ಬೆತ್ತಲೆ ಬಾಲಕರಂತೆ ತೋರುತ್ತಿದ್ದ ಆ ಜ್ಞಾನವೃದ್ಧರನ್ನು ಜಯವಿಜಯರು ರೂಪವನ್ನು ನೋಡಿ ತಡೆದರು. ಅದಕ್ಕೆ ಶಾಪ ಬಂದಿತು. ರೂಪವನ್ನು ನೋಡಿ ತಡೆಯಬಾರದವರನ್ನು ತಡೆದ ಕಾವಲುಗಾರನೇ, ಮರುಜನ್ಮದಲ್ಲಿ ನಾಮರೂಪಗಳ ಪಟ್ಟಿಯೊಂದನ್ನು ಬರೆದು ಅದರ ಬಲದ ಮೇಲೆ ಬದುಕಿ, ಆ ಪಟ್ಟಿಯ ಸಂದಿಯಲ್ಲಿ ಸತ್ತನೆಂಬುದನ್ನು ಯಾವ ಪೌರಾಣಿಕರೂ ನನಗೆ ಹೀಗೆ ಜೋಡಿಸಿ ಹೇಳಿರಲಿಲ್ಲ. ಹೇಳಿದ್ದರೂ ಹುಡುಗನ ಸಂಕಟವಿಲ್ಲದೆ ಅದು ನನ್ನ ಮನಸ್ಸಿಗೆ ತಾಗುತ್ತಿರಲಿಲ್ಲ.

ಇಲ್ಲಿ ಬಹಳ ಹಿಂದಿನದೊಂದು ಪ್ರಶ್ನೆ ಎದುರಾಗುತ್ತದೆ. ಕಾವಲುಗಾರನು ಬಂದವನ ಈಗಿನ ಹೆಸರನ್ನು ನೋಡಬೇಕೆ, ಮೊದಲಿನ ಹೆಸರನ್ನು ಕೇಳಬೇಕೆ? ಹುಡುಗನು ಭಾನುವಾರ ಮಾಡಿದ ಎರಡನೆಯ ತಪ್ಪು ಈ ಪ್ರಶ್ನೆಯ ಸುತ್ತಲೇ ಇತ್ತು. ಬಳಕೆದಾರರು ತಮ್ಮ ನಿಯಮಗಳನ್ನು ಬರೆದುಕೊಳ್ಳಲೆಂದು ಡಾಕರ್ 2017ರಿಂದ, ತನ್ನ 17.06ನೆಯ ಆವೃತ್ತಿಯಿಂದ, ಫಾರ್ವರ್ಡ್ ಚಾವಡಿಯ ಮೊದಲಲ್ಲಿಯೇ ಡಾಕರ್-ಯೂಸರ್ ಎಂಬ ಒಂದು ಪಂಕ್ತಿಯನ್ನು ಬಿಟ್ಟುಕೊಟ್ಟಿದೆ. ಡಾಕರಿನ ಸ್ವಂತ ಅನುಮತಿಗಳಿಗಿಂತ ಮುಂಚೆ ಅದನ್ನು ಓದಲಾಗುತ್ತದೆ. ಹುಡುಗನು ಅಲ್ಲಿ, 15432ನ್ನು ಕೇಳಿ ಬಂದವರನ್ನು ತಡೆ ಎಂದು ಬರೆದನು. ಒಬ್ಬರೂ ತಡೆಯಲ್ಪಡಲಿಲ್ಲ. ಏಕೆಂದರೆ ಪ್ಯಾಕೆಟ್ಟು ಆ ಪಂಕ್ತಿಗೆ ಬರುವಷ್ಟರಲ್ಲಿ ಅದರ ಹೆಸರು ಬದಲಾಗಿಹೋಗಿರುತ್ತದೆ. ಕಾವಲುಗಾರನ ಕಣ್ಣಿಗೆ ಕಾಣುವುದು 5432. ಹೊರಗಿನ ಹೆಸರು ಹಿಡಿದು ಒಳಗೆ ಕೂಗಿದರೆ ಓಗೊಡುವವರಾರು? ಹಾಗಾದರೆ 5432ನ್ನೇ ತಡೆ ಎಂದು ಬರೆಯಬಹುದಿತ್ತು. ಆದರೆ ಬೇರೆ ಪಾತ್ರೆಗಳೂ ಅದೇ ಒಳಹೆಸರನ್ನು ಇಟ್ಟುಕೊಂಡಿರಬಹುದು, ಕಂಟೈನರಿನ ಮನೆಹೆಸರೋ ಅದನ್ನು ಅಳಿಸಿ ಮತ್ತೆ ಹುಟ್ಟಿಸಿದಾಗ ಬದಲಾಗಬಹುದು.

ಇದಕ್ಕೆ ಪರಿಹಾರವನ್ನು ಕರ್ನೆಲಿನ ಸ್ಮೃತಿಯಲ್ಲಿ ಹುಡುಕಬೇಕಾಯಿತು. ಕಾನ್‌ಟ್ರ್ಯಾಕ್ ಎಂಬ ಅದರ ಒಂದು ಭಾಗವು ಪ್ರತಿಯೊಂದು ಸಂಪರ್ಕದ ಪೂರ್ವಾಪರವನ್ನು ನೆನಪಿಟ್ಟುಕೊಂಡಿರುತ್ತದೆ. ವಿಳಾಸ ತಿದ್ದುವ ನಿಯಮವನ್ನು ಅದು ನೋಡುವುದು ಸಂಪರ್ಕದ ಮೊದಲ ಪ್ಯಾಕೆಟ್ಟಿಗೆ ಮಾತ್ರ. ಮುಂದಿನವೆಲ್ಲ ಆ ಮೊದಲನೆಯದರ ನೆನಪಿನಿಂದ ತಾವಾಗಿಯೇ ತಿದ್ದಲ್ಪಡುತ್ತವೆ, ಉತ್ತರವಾಗಿ ಹಿಂದಿರುಗುವ ಪ್ಯಾಕೆಟ್ಟುಗಳ ಹೆಸರೂ ಅದೇ ನೆನಪಿನಿಂದ ಮೊದಲಿನಂತಾಗುತ್ತದೆ. ಆದುದರಿಂದ ಕಾವಲುಗಾರನು ಈ ಸ್ಮೃತಿಯನ್ನು ಕೇಳಬಹುದು: ಇವನು ಹೆಸರು ಬದಲಾಗುವ ಮುನ್ನ ಯಾವ ಬಾಗಿಲನ್ನು ಅರಸಿ ಬಂದಿದ್ದನು? 15432 ಎಂದು ಉತ್ತರ ಬಂದರೆ ತಡೆಯಬಹುದು. ಐಪಿ ಟೇಬಲ್ಸ್ ಎಂಬ ಸಾಧನದಲ್ಲಿ ಮೂಲ ಗಮ್ಯವನ್ನು ಕೇಳುವ ಇಂಥ ಷರತ್ತು ಬಹುಕಾಲದಿಂದಲೂ ಇದ್ದಿತು. ಅದನ್ನು ಬರೆದವರಿಗೆ ಪೂರ್ವಾಶ್ರಮವೆಂಬ ನಮ್ಮ ಮಾತು ಗೊತ್ತಿರಲಾರದು.

ಪೂರ್ವಾಶ್ರಮ ಎಂದೊಡನೆ ನನಗೆ ಅಳುಕುಂಟಾಯಿತು. ಸನ್ಯಾಸಿಯ ಹಿಂದಿನ ಹೆಸರನ್ನು ಕೇಳಕೂಡದೆಂದು ನಮ್ಮಲ್ಲಿ ಮರ್ಯಾದೆ. ದೀಕ್ಷೆಯಲ್ಲಿ ಹೆಸರು ಬದಲಾಯಿಸುವುದೆಂದರೆ ಹಳೆಯ ಲೆಕ್ಕವನ್ನು ಮುಗಿಸಿದಂತೆ; ಶ್ರೀವೈಷ್ಣವರ ಪಂಚಸಂಸ್ಕಾರದಲ್ಲಿ ದಾಸ್ಯನಾಮ ಕೊಡುವುದೂ ಹಾಗೆಯೇ; ಬಿಟ್ಟಿದೇವನು ವಿಷ್ಣುವರ್ಧನನಾದನೆಂಬ ಐತಿಹ್ಯವನ್ನು ನಮ್ಮ ಕಡೆ ಅರಿಯದವರಿಲ್ಲ. ಇದಕ್ಕಿಂತ ಕಹಿಯಾದ ಮಾತೊಂದಿದೆ. ಬಾಗಿಲಲ್ಲಿ ನಿಂತು ಮೂಲವನ್ನು ಕೇಳುವ ಕೆಲಸವನ್ನು ಈ ದೇಶದ ದ್ವಾರಪಾಲಕರು ಶತಮಾನಗಳ ಕಾಲ ಮಾಡಿದ್ದಾರೆ: ನಿನ್ನ ಹೆಸರಿರಲಿ, ನೀನು ಯಾರ ಮಗ, ಯಾವ ಕೇರಿಯವನು? ಮೇಲುಕೋಟೆಯಲ್ಲಿ ಆಚಾರ್ಯರು ಹೊರಗಿಡಲ್ಪಟ್ಟಿದ್ದವರನ್ನು ತಿರುಕ್ಕುಲತ್ತಾರ್ ಎಂದು ಹೊಸ ಹೆಸರಿನಿಂದ ಕರೆದು ಒಳಗೆ ಬಿಡಿಸಿದರೆಂದು ಪ್ರಸಿದ್ಧಿ. ಆದರೆ ಆ ಪ್ರವೇಶವೂ ವರ್ಷದಲ್ಲಿ ಕೆಲವೇ ದಿನಗಳಿಗೆ ಸೀಮಿತವಾಗಿ ಉಳಿಯಿತು. ಹೆಸರು ಬದಲಾದರೂ ಬಾಗಿಲು ಹಳೆಯ ಹೆಸರನ್ನು ಮರೆಯಲಿಲ್ಲ. ಹೀಗಿರಲು ಮೂಲವನ್ನು ಕೇಳುವ ಕಾವಲನ್ನು ನಾನು ಹುಡುಗನಿಗೆ ಹೇಗೆ ಹೊಗಳಲಿ?

ಈ ಅಳುಕನ್ನು ಬಿಡಿಸಿದವನು ಅವನೇ. ಕಾನ್‌ಟ್ರ್ಯಾಕಿಗೆ ನಾವು ಕೇಳುವುದು ಇವನು ಎಲ್ಲಿ ಹುಟ್ಟಿದನೆಂಬುದನ್ನಲ್ಲ, ಏನನ್ನು ಬಯಸಿ ಹೊರಟನೆಂಬುದನ್ನು, ಎಂದನು. ನಾನು ತಲೆದೂಗಿದೆನು. ಹುಟ್ಟಿನ ವಿಳಾಸ ಬೇರೆ, ಗಮ್ಯದ ವಿಳಾಸ ಬೇರೆ. ಜನ್ಮ ಬೇರೆ, ಸಂಕಲ್ಪ ಬೇರೆ. ಮನುಷ್ಯನ ಜನ್ಮವನ್ನು ಕೇಳುವ ಬಾಗಿಲು ಅನ್ಯಾಯದ ಬಾಗಿಲು. ಅವನ ಸಂಕಲ್ಪವನ್ನು ಕೇಳುವುದು ಅನ್ಯಾಯವಲ್ಲ. ದಾರಿಯಲ್ಲಿ ಯಾರೋ ಅವನ ಚೀಟಿಯನ್ನು ತಿದ್ದಿ ಬರೆದಿದ್ದರಂತೂ ಕೇಳಲೇಬೇಕು, ಏಕೆಂದರೆ ಅವನ ಕೈಯಲ್ಲಿ ಈಗಿರುವ ಹೆಸರು ಅವನು ಆರಿಸಿಕೊಂಡದ್ದಲ್ಲ, ನಮ್ಮ ಮನೆಯ ಕೈಯೇ ಅವನಿಗೆ ಹಚ್ಚಿದ್ದು. ಜಯವಿಜಯರು ಸನಕಾದಿಗಳನ್ನು ಯಾರನ್ನು ಕಾಣಲು ಬಂದಿರಿ ಎಂದು ಒಂದು ಮಾತು ಕೇಳಿದ್ದರೆ ಮೂರು ಜನ್ಮದ ಶಾಪ ತಪ್ಪುತ್ತಿತ್ತು.

ಹುಟ್ಟಿನ ವಿಳಾಸದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುವೆನು. ಕೆಲವು ಏರ್ಪಾಡುಗಳಲ್ಲಿ ಹೊರಗಿನಿಂದ ಬಂದವನ ಸ್ವಂತ ವಿಳಾಸವನ್ನೂ ಮರೆಸಿ, ಸರ್ವರಿನ ವಿಳಾಸವನ್ನೇ ಅವನಿಗೆ ತೊಡಿಸಿ ಒಳಗೆ ಕಳಿಸುವುದುಂಟು. ಆಗ ಪಾತ್ರೆಯೊಳಗಿರುವವನಿಗೆ ಬಂದವರೆಲ್ಲರೂ ಮನೆಯ ಯಜಮಾನನಂತೆಯೇ ಕಾಣುತ್ತಾರೆ. ಯಜಮಾನನನ್ನು ಮಾತ್ರ ಬಿಡು ಎಂದು ಅಲ್ಲಿ ಬರೆದರೆ ಲೋಕವನ್ನೆಲ್ಲ ಬಿಟ್ಟಂತೆ. ರಾವಣನು ಸನ್ಯಾಸಿಯ ಕಾವಿಯುಟ್ಟು ಪಂಚವಟಿಗೆ ಬಂದದ್ದು ಇದಕ್ಕಿಂತ ಪ್ರಾಮಾಣಿಕವೆನ್ನಬೇಕು. ಅವನು ಪರಕೀಯನಂತೆ ಬಂದನು, ರಾಮನಂತೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ನಿಯಮವು ಸರಿಯಾಯಿತು. ಆದರೆ ವಿಚಿತ್ರವೆಂಬಂತೆ ಒಂದು ಹಳೆಯ ಸಂಪರ್ಕವು ಇನ್ನೂ ಹರಿಯುತ್ತಲೇ ಇದ್ದಿತು. ಒಮ್ಮೆ ಪರಿಚಿತರಾದವರನ್ನು ಮತ್ತೆ ತಡೆಯಬೇಡವೆಂಬ ಇನ್ನೊಂದು ನಿಯಮವನ್ನು ಹುಡುಗನು, ಎಲ್ಲರೂ ಬರೆಯುವಂತೆ, ಅದಕ್ಕಿಂತ ಮೇಲೆ ಬರೆದಿದ್ದನು. ಹೊಸ ತಡೆಯು ಹೊಸಬರಿಗೆ ಮಾತ್ರ ತಗುಲಿತು. ನಾನು ನಕ್ಕೆನು. ಜ್ಞಾನ ಬಂದ ಕ್ಷಣದಲ್ಲಿಯೇ ಶರೀರವು ಏಕೆ ಬೀಳುವುದಿಲ್ಲವೆಂಬ ಪ್ರಶ್ನೆಗೆ ಶಂಕರರು ಕೊಡುವ ಉತ್ತರ ಕುಲಾಲಚಕ್ರ: ಕುಂಬಾರನು ಕೈತೆಗೆದ ಮೇಲೂ ತಿಗುರಿಯು ಹಿಂದಿನ ವೇಗ ಮುಗಿಯುವತನಕ ತಿರುಗುತ್ತದೆ, ಪ್ರಾರಬ್ಧವು ಭೋಗದಿಂದಲೇ ಕಳೆಯಬೇಕು. ಹುಡುಗನಿಗೆ ಅಷ್ಟು ಕಾಯುವ ತಾಳ್ಮೆಯಿರಲಿಲ್ಲ. ಅವನು ಕಾನ್‌ಟ್ರ್ಯಾಕಿನ ಸ್ಮೃತಿಯಿಂದ ಆ ಒಂದು ದಾಖಲೆಯನ್ನು ಅಳಿಸಿಬಿಟ್ಟನು. ಸಂಪರ್ಕವು ಒಡನೆಯೇ ನಿಂತಿತು. ಪ್ರಾರಬ್ಧವನ್ನು ಒಂದು ಆಜ್ಞೆಯಿಂದ ಅಳಿಸುವ ಸೌಲಭ್ಯ ವೇದಾಂತಿಗಳಿಗೆ ದೊರೆತಿಲ್ಲ.

ನಡುವೆ ಅವನು ಇನ್ನೊಂದು ಅವಸರದ ಉಪಾಯವನ್ನೂ ಮಾಡಿ ಕೈಸುಟ್ಟುಕೊಂಡಿದ್ದನೆಂಬುದನ್ನು ಹೇಳದೆ ಬಿಟ್ಟರೆ ಲೆಕ್ಕ ಪೂರ್ತಿಯಾಗದು. ಡಾಕರ್ ತನ್ನಷ್ಟಕ್ಕೆ ನಿಯಮಗಳನ್ನು ಬರೆಯುವುದರಿಂದಲೇ ಈ ಅನರ್ಥವೆಂದು ಸಿಟ್ಟಾಗಿ, ಅದರ ಆ ಅಧಿಕಾರವನ್ನೇ ಕಿತ್ತುಹಾಕಿದನು. ಕಳ್ಳರೇನೋ ನಿಂತರು, ಅದರೊಡನೆ ಪಾತ್ರೆಯೊಳಗಿನಿಂದ ಹೊರಗೆ ಹೋಗುವ ಮಾತೂ ನಿಂತಿತು, ಏಕೆಂದರೆ ಒಳಗಿನ ಮನೆಹೆಸರನ್ನು ಊರವಿಳಾಸವಾಗಿಸಿ ಹೊರಗೆ ಕಳಿಸುತ್ತಿದ್ದುದೂ ಅದೇ ಕೈ. ಒಂದು ಮನೆಯಲ್ಲಿ ಬೀಗದ ಕೈಗಳು ಇಬ್ಬರ ಸೊಂಟದಲ್ಲಿದ್ದರೆ ಒಬ್ಬರದನ್ನು ಕಿತ್ತುಕೊಳ್ಳುವುದು ಉಪಾಯವಲ್ಲ. ಯಾರು ಯಾವ ಬಾಗಿಲಿಗೆ ಎಂದು ಗೊತ್ತುಮಾಡಿಕೊಳ್ಳಬೇಕು. ಅತ್ತೆಸೊಸೆಯರಿರುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಡೆಗೆ ಅವನು ಮಾಡಿದ ಏರ್ಪಾಟು ಬಹಳ ಸರಳವಾದುದು. ಇಷ್ಟೆಲ್ಲ ಚರ್ಚೆಯ ಮೇಲೆ ಅಷ್ಟು ಸರಳವಾದುದಕ್ಕೆ ಬರಬೇಕಾಯಿತಲ್ಲವೆಂದು ನಮ್ಮಿಬ್ಬರಿಗೂ ನಾಚಿಕೆಯಾಯಿತು. ಏನೂ ಹೇಳದೆ ಪೋರ್ಟನ್ನು ಜೋಡಿಸಿದರೆ ಡಾಕರ್ ಅದನ್ನು ಸರ್ವರಿನ ಎಲ್ಲ ಮುಖಗಳಿಗೂ ತೆರೆದಿಡುತ್ತದೆ. 127.0.0.1 ಎಂಬ ವಿಳಾಸವನ್ನು ಮುಂದೆ ಬರೆದರೆ ಸರ್ವರಿನೊಳಗೇ ಇರುವವರಿಗೆ ಮಾತ್ರ ತೆರೆಯುತ್ತದೆ. ಅದು ಪ್ರತಿಯೊಂದು ಯಂತ್ರವೂ ತನ್ನನ್ನು ತಾನು ಕರೆದುಕೊಳ್ಳುವ ಹೆಸರು, ಅಹಂ ಎಂಬುದರ ಅಂಕಿ. ಹುಡುಗನು ದತ್ತಾಂಶದ ಬಾಗಿಲನ್ನು ಆ ಹೆಸರಿಗೆ ಕಟ್ಟಿದನು. ತಾನು ನೋಡಬೇಕಾದಾಗ 22ರ ಮೂಲಕ ಸರ್ವರಿನೊಳಗೆ ಹೋಗಿ ಅಲ್ಲಿಂದ ನೋಡುತ್ತಾನೆ. ಫಾರ್ವರ್ಡ್ ಚಾವಡಿಯಲ್ಲಿ ಮೂಲ ಗಮ್ಯವನ್ನು ಕೇಳುವ ಕಾವಲನ್ನೂ ಇಟ್ಟಿದ್ದಾನೆ. ಬಾಗಿಲು ಹಾಕಿದೆಯೆ ಎಂದು ಕಾವಲುಗಾರನನ್ನೇ ಕೇಳುವ ಅಭ್ಯಾಸವನ್ನು ಬಿಟ್ಟು, ಈಗ ತಿಂಗಳಿಗೊಮ್ಮೆ ಬೇರೆ ಊರಿನಲ್ಲಿರುವ ಗೆಳೆಯನ ಯಂತ್ರದಿಂದ ಬಾಗಿಲನ್ನು ತಟ್ಟಿಸಿ ನೋಡುತ್ತಾನೆ. ಕಂಟೈನರುಗಳನ್ನು ನಡೆಸುವ ಓದುಗರು ಯಾರಾದರೂ ಇದ್ದರೆ ಇವತ್ತೇ ಅಷ್ಟನ್ನು ಮಾಡಿ ನೋಡಬೇಕೆಂದು ನನ್ನ ಬಿನ್ನಹ.

ಕೇಳಿದವರಿಗೆ ಹಣ ಕೊಡಲಿಲ್ಲ. ವರ್ತಕರು ಯಂತ್ರವನ್ನು ಪೂರ್ತಿ ನಂಬದೆ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಎಲ್ಲವನ್ನೂ ಕೈಯಿಂದ ಬರೆದಿಟ್ಟುಕೊಂಡಿದ್ದರು. ಅದನ್ನು ನೋಡಿ ಹುಡುಗನೂ ನಾನೂ ಸರದಿಯ ಮೇಲೆ ಕುಳಿತು ಮೂರು ತಿಂಗಳ ಲೆಕ್ಕವನ್ನು ಮತ್ತೆ ತುಂಬಿದೆವು. ಹನ್ನೊಂದು ದಿನ ಹಿಡಿಯಿತು.